ಬಾಕ್ಸ್ ಮೇಲೆ 200, ಬೆನ್ನ ಮೇಲೆ 160: ಗುಜರಿ ಬಿಡಿಭಾಗಗಳ ಬಗ್ಗಿ ಕಟ್ಟಿದ ವೆಲ್ಡಿಂಗ್ ಮೆಷಿನ್

ಮೊದಲೇ ಹೇಳಿಬಿಡುತ್ತೇನೆ, ಈ ಮೆಷಿನ್ ನನಗೆ ಇಷ್ಟ. ಅದರ ಬಾಕ್ಸ್ ಇಷ್ಟ ಇಲ್ಲ. ಬಾಕ್ಸ್ ಮೇಲೆ ಅಂಗೈ ಅಗಲದ ಅಂಕಿಯಲ್ಲಿ 200 ಆಂಪ್ ಅಂತಿದೆ. ಮೆಷಿನ್‌ನ ಬೆನ್ನಿಗೆ ಅಂಟಿಸಿರುವ ಪುಟ್ಟ ಪ್ಲೇಟ್‌ನಲ್ಲಿ 160 ಅಂತಿದೆ. ಒಂದೇ ಸಾಮಾನು, ಎರಡು ನಂಬರ್. ಗುಜರಿಗೆ ಹೋದ ಕಾರಿನ ಬಿಡಿಭಾಗ ಹಾಕಿ ಮನೆಯಲ್ಲೇ ಒಂದು ಆಫ್‌ರೋಡ್ ಬಗ್ಗಿ, ಅಂದರೆ ರಸ್ತೆ ಇಲ್ಲದ ಕಡೆ ಓಡಿಸುವ ಹಗುರ ಗಾಡಿ, ಕಟ್ಟಿದ್ದೇನೆ. ಚಾಸಿಯಿಂದ ಸೀಟಿನ ಬ್ರ್ಯಾಕೆಟ್‌ವರೆಗೆ ಅದರ ಎಲ್ಲ ಬೆಸುಗೆಯೂ ಇದೇ ಮೆಷಿನ್‌ನದ್ದು. ಹಾಗಾಗಿ ಇದು "ಬಾಕ್ಸ್ ಬಿಚ್ಚಿದೆ, ಚೆನ್ನಾಗಿದೆ, ಐದು ಸ್ಟಾರ್" ಥರದ ರಿವ್ಯೂ ಅಲ್ಲ.

ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗ ಕಡಿಮೆ. ಇದೇ ಪೆಟ್ಟಿಗೆ ಹಳದಿ, ಕೆಂಪು, ನೀಲಿ ಬಣ್ಣ ಬಳಿದುಕೊಂಡು ಹತ್ತಾರು ಹೆಸರಲ್ಲಿ ಸಿಗುತ್ತದೆ. ಐಜಿಬಿಟಿ (ಎಲೆಕ್ಟ್ರಾನಿಕ್ ಸ್ವಿಚ್) ಇನ್ವರ್ಟರ್, ಡಿಸಿ ಔಟ್‌ಪುಟ್, ಲೇಪ ಹಚ್ಚಿದ ಲೋಹದ ಕಡ್ಡಿ ಕರಗಿಸಿ ಬೆಸೆಯುವ ರಾಡ್ ವೆಲ್ಡಿಂಗ್ ಮಾತ್ರ. ಮುಂದೆ ಒಂದು ನಾಬ್, ಒಂದು ಡಿಜಿಟಲ್ ಡಿಸ್‌ಪ್ಲೇ. ಹಿಂದೆ ಒಂದು ಫ್ಯಾನ್. ಒಂದೇ ಕೈಯಲ್ಲಿ ಎತ್ತಿಕೊಂಡು ಓಡಾಡಬಹುದು. ಇಷ್ಟು ಹೇಳಿದರೆ ಯಾವ ಥರದ ಮೆಷಿನ್ ಅಂತ ಗೊತ್ತಾಗುತ್ತದೆ, ಅಲ್ವಾ?

ಆ 200ರ ವಿಷಯ ಮೊದಲು ಮುಗಿಸೋಣ. ರಾಡ್ ವೆಲ್ಡಿಂಗ್‌ನಲ್ಲಿ ಆರ್ಕ್‌ಗೆ (ರಾಡ್ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕಿಡಿಗೆ) ಎಷ್ಟು ವೋಲ್ಟ್ ಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಆಂಪ್ ಎಷ್ಟಿದೆಯೋ ಅದನ್ನು 0.04ರಿಂದ ಗುಣಿಸಿ, 20 ಕೂಡಿಸಿ. 200 ಆಂಪ್‌ಗೆ 28 ವೋಲ್ಟ್ ಬರುತ್ತದೆ. 200 ಗುಣಿಸು 28, ಅಂದರೆ 5600 ವ್ಯಾಟ್. ಇನ್ವರ್ಟರ್ ತಾನೂ ಸುಮಾರು 15 ಪರ್ಸೆಂಟ್ ತಿನ್ನುತ್ತದೆ ಅಂದುಕೊಂಡರೆ ಗೋಡೆಯಿಂದ 6600 ವ್ಯಾಟ್ ಎಳೆಯಬೇಕು. ಈಗ ಮೆಷಿನ್ ಜೊತೆ ಬಂದ ಪ್ಲಗ್ ನೋಡಿ. 16 ಆಂಪ್‌ನದ್ದು. 230 ವೋಲ್ಟ್‌ನಲ್ಲಿ ಅದು ಕೊಡಬಲ್ಲದ್ದು 3680 ವ್ಯಾಟ್. ಎಷ್ಟೇ ಧಾರಾಳವಾಗಿ ಲೆಕ್ಕ ಹಾಕಿದರೂ ಆ ಪ್ಲಗ್‌ನಿಂದ ನಿರಂತರವಾಗಿ ಸಿಗುವುದು 125 ಆಂಪ್ ಆಸುಪಾಸು. ಗೋಡೆಯ ಕರೆಂಟನ್ನು ಪೂರ್ತಿ ಬಳಸಿಕೊಳ್ಳುವಂತೆ ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇಲ್ಲದ ಇಂಥ ಅಗ್ಗದ ಮೆಷಿನ್‌ಗಳಲ್ಲಿ ಇನ್ನೂ ಕಡಿಮೆ. ಸ್ವಲ್ಪ ಹೊತ್ತು ಜಾಸ್ತಿ ಎಳೆದರೆ ಬ್ರೇಕರ್ ತಕ್ಷಣ ಬೀಳುವುದಿಲ್ಲ, ಅದಕ್ಕೇ ಇವರ ಆಟ ನಡೆಯುತ್ತದೆ.

ನಿಜ ಹೇಳುವುದು ಬೆನ್ನ ಮೇಲಿನ ಪ್ಲೇಟ್. ಅದರಲ್ಲಿ ಎಕ್ಸ್ ಅಂತ ಒಂದು ಸಾಲು ಇರುತ್ತದೆ, ಅದು ಡ್ಯೂಟಿ ಸೈಕಲ್. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆರ್ಕ್ ಉರಿಸಬಹುದು ಅನ್ನುವ ಲೆಕ್ಕ, ಅದೂ ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗ. ನನ್ನದರಲ್ಲಿ 160 ಆಂಪ್‌ಗೆ 20 ಪರ್ಸೆಂಟ್, 92 ಆಂಪ್‌ಗೆ 60 ಪರ್ಸೆಂಟ್, 71 ಆಂಪ್‌ಗೆ 100 ಪರ್ಸೆಂಟ್ ಅಂತಿದೆ. ಬಗ್ಗಿ ಕಟ್ಟುವವರು ನೋಡಬೇಕಾದದ್ದು ಕೊನೆಯ ಎರಡು ನಂಬರ್. ಮೊದಲನೆಯದು ಅಂಗಡಿಯವರಿಗೆ.

ಯಾಕೆ ಅಂದರೆ, ಬಗ್ಗಿಯ ಚಾಸಿಗೆ ದೊಡ್ಡ ಆಂಪ್ ಬೇಕಾಗುವುದೇ ಇಲ್ಲ. ನನ್ನ ಚಾಸಿ 38 ಮಿ.ಮೀ. ಹೊರವ್ಯಾಸದ, 2.5 ಮಿ.ಮೀ. ದಪ್ಪದ ಉಕ್ಕಿನ ಟ್ಯೂಬ್‌ನದ್ದು. ಅದಕ್ಕೆ 2.5 ಮಿ.ಮೀ. ರಾಡ್, 70ರಿಂದ 85 ಆಂಪ್. ಒಂದು ರಾಡ್ ಹೆಚ್ಚು ಕಡಿಮೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಸ್ಲ್ಯಾಗ್ (ರಾಡ್‌ನ ಲೇಪ ಕರಗಿ ಬೆಸುಗೆ ಮೇಲೆ ಕೂರುವ ಹೊಟ್ಟು) ಒಡೆಯಬೇಕು, ಬ್ರಷ್ ಹಾಕಬೇಕು, ಚಾಸಿಯ ಆ ಕಡೆಗೆ ಹೋಗಿ ಬಗ್ಗಿ ಕೂರಬೇಕು, ಕರೆಂಟ್ ಮೆಷಿನ್‌ಗೆ ವಾಪಸ್ ಹೋಗಲು ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲ್ಯಾಂಪ್‌ನ ಜಾಗ ಬದಲಿಸಬೇಕು. ಅಷ್ಟರಲ್ಲಿ ಮೆಷಿನ್ ತಣ್ಣಗಾಗಿ ಕೂತಿರುತ್ತದೆ. ಟ್ಯೂಬ್ ಕೆಲಸದಲ್ಲಿ ಬಿಸಿಯ ಹಳದಿ ಲೈಟ್ ಒಮ್ಮೆಯೂ ಹತ್ತಲಿಲ್ಲ. ಹತ್ತಿದ್ದು ಎಂಜಿನ್ ಕೂರುವ 6 ಮಿ.ಮೀ. ಪ್ಲೇಟ್‌ಗಳಿಗೆ 3.15 ರಾಡ್ ಹಾಕಿ 120 ಆಂಪ್‌ನಲ್ಲಿ ಓಡಿಸಿದಾಗ. ಫ್ಯಾನ್ ತಿರುಗುತ್ತಲೇ ಇತ್ತು, ಸ್ವಲ್ಪ ಕಾದೆ, ಲೈಟ್ ಆರಿತು, ಮುಂದುವರಿಸಿದೆ. ಅದನ್ನು ದೋಷ ಅನ್ನುವುದಿಲ್ಲ.

ಗಾಡಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮೆಷಿನ್‌ಗೆ ಎಂಥ ಕೆಲಸ ಬಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಮೂರೂ ಒಂದೇ ಗಂಟು. ಆ ಗಂಟನ್ನು ಹಾಗೇ ಎತ್ತಿ ಬಗ್ಗಿಯ ಹಿಂಭಾಗಕ್ಕೆ ಇಟ್ಟರೆ ಮುಂದಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗೊಡವೆಯೇ ಇಲ್ಲ. ಕಾರಿನ ಮುಂದಿನ ಹಬ್ (ಚಕ್ರ ಕೂರುವ ಭಾಗ), ನಕಲ್ (ಹಬ್ ಹಿಡಿದಿರುವ ಎರಕದ ತುಂಡು), ಡ್ರೈವ್ ಶಾಫ್ಟ್ ಎಲ್ಲವೂ ಹಿಂದಕ್ಕೆ ಬರುತ್ತವೆ. ಸ್ಟಿಯರಿಂಗ್ ರ್ಯಾಕ್‌ಗೆ ಸಿಕ್ಕಿಸುತ್ತಿದ್ದ ತೋಳನ್ನು ಒಂದು ಗಟ್ಟಿ ಲಿಂಕ್ ಹಾಕಿ ಚಾಸಿಗೆ ಕಟ್ಟಿಬಿಡಬೇಕು, ಇಲ್ಲದಿದ್ದರೆ ಹಿಂದಿನ ಚಕ್ರವೂ ತಿರುಗುತ್ತದೆ. ಮನೆಯಲ್ಲಿ ಬಗ್ಗಿ ಕಟ್ಟುವವರಲ್ಲಿ ಇದು ಹಳೆಯ ದಾರಿ. ಇದಕ್ಕೂ ಹಿಂದೆ ಎಲ್ಲರೂ ಫೋಕ್ಸ್‌ವ್ಯಾಗನ್ ಬೀಟಲ್ ಹಿಂದೆ ಬಿದ್ದಿದ್ದರು. 1964ರಲ್ಲಿ ಅಮೆರಿಕದ ಬ್ರೂಸ್ ಮೇಯರ್ಸ್ ಫೈಬರ್‌ಗ್ಲಾಸ್ ಬಾಡಿಯ ಮೇಯರ್ಸ್ ಮ್ಯಾಂಕ್ಸ್ ಮಾಡಿದರು. ಆಮೇಲೆ ಬಂದ ಕಿಟ್‌ಗಳಿಗೆ ಬೀಟಲ್‌ನ ತಳವನ್ನು ಸುಮಾರು 36 ಸೆಂ.ಮೀ. ಕತ್ತರಿಸಿ ಗಿಡ್ಡ ಮಾಡಿ ಜೋಡಿಸಬೇಕಿತ್ತು. ಅಂಥದ್ದೇ ಒಂದು ಮ್ಯಾಂಕ್ಸ್ 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯ ಮೊದಲ ದೊಡ್ಡ ರೇಸ್ ಗೆದ್ದಿತು. ಅವರು ತಳ ಕತ್ತರಿಸಿ ಬೆಸೆದರು, ನಾವು ಟ್ಯೂಬ್ ಕತ್ತರಿಸಿ ಬೆಸೆಯುತ್ತೇವೆ. ಕೆಲಸ ನಿಂತಿರುವುದು ಬೆಸುಗೆಯ ಮೇಲೇ.

ಈಗ ಮುಖ್ಯ ವಿಷಯ. ಈ ಮೆಷಿನ್ ಕಡಿಮೆ ಆಂಪ್‌ನಲ್ಲಿ ಹೇಗೆ ಉರಿಯುತ್ತದೆ?

ಚೆನ್ನಾಗಿ. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ. 75ರಲ್ಲಿ ಇಟ್ಟು 6013 ನಂಬರಿನ ಸಾಮಾನ್ಯ ರಾಡ್ ಹಚ್ಚಿದರೆ ಆರ್ಕ್ ತೊದಲದೆ ನಿಲ್ಲುತ್ತದೆ. ಸದ್ದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಒಂದೇ ಸಮ ಇರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್‌ನಲ್ಲಿ ಇಷ್ಟು ಕೆಳಗೆ ಇಳಿದರೆ ರಾಡ್ ಅಂಟಿಕೊಂಡು ಕೆಂಪಾಗುತ್ತಿತ್ತು. ಇದರಲ್ಲಿ ಅಂಟಿದರೆ ಕರೆಂಟ್ ತಾನೇ ಇಳಿಯುತ್ತದೆ, ಮಣಿಕಟ್ಟು ಒಂದು ಸಲ ತಿರುಗಿಸಿದರೆ ರಾಡ್ ಬಿಡಿಸಿಕೊಂಡು ಬರುತ್ತದೆ. ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಡಿಸ್‌ಪ್ಲೇ 80 ಅಂದಾಗ ಮೀಟರ್ 76 ಅಂತು. ಸಾಕು. ಆದರೆ 150 ದಾಟಿದ ಮೇಲೆ ನಾಬ್ ತಿರುಗಿಸಿದರೆ ಡಿಸ್‌ಪ್ಲೇ ಮಾತ್ರ ಏರುತ್ತದೆ, ಮೀಟರ್ ಅಲ್ಲಾಡುವುದಿಲ್ಲ. ಬಾಕ್ಸ್‌ನ 200 ಇರುವುದು ಆ ಡಿಸ್‌ಪ್ಲೇಯಲ್ಲಿ ಮಾತ್ರ!

ಹಾಟ್ ಸ್ಟಾರ್ಟ್ ಬಗ್ಗೆ ಮಾತ್ರ ತಕರಾರಿದೆ. ಆರ್ಕ್ ಹಚ್ಚುವ ಕ್ಷಣಕ್ಕೆ ಮೆಷಿನ್ ತಾನಾಗಿಯೇ ಕರೆಂಟ್ ಏರಿಸುತ್ತದೆ, ರಾಡ್ ಅಂಟದಿರಲಿ ಅಂತ. ದಪ್ಪ ಕಬ್ಬಿಣಕ್ಕೆ ಅದು ವರ. 2.5 ಮಿ.ಮೀ. ಟ್ಯೂಬ್‌ನ ಅಂಚಿಗೆ ಅದೇ ತೂತು. ಎಷ್ಟು ಏರಬೇಕು ಅಂತ ಹೇಳುವ ನಾಬ್ ಇದರಲ್ಲಿಲ್ಲ. ಸ್ವಲ್ಪ ಜಾಸ್ತಿ ದುಡ್ಡಿನ ಮಾಡೆಲ್‌ಗಳಲ್ಲಿ ಹಾಟ್ ಸ್ಟಾರ್ಟ್‌ಗೆ ಒಂದು, ಆರ್ಕ್ ಫೋರ್ಸ್‌ಗೆ (ಅದೇನು ಅಂತ ಮುಂದೆ ಹೇಳುತ್ತೇನೆ) ಒಂದು ನಾಬ್ ಬೇರೆಯೇ ಇರುತ್ತದೆ. ಬಗ್ಗಿಗೆ ಅಂತಲೇ ಕೊಳ್ಳುವುದಾದರೆ ಅದಕ್ಕೆ ದುಡ್ಡು ಹಾಕಿ. ಈ ಮೆಷಿನ್‌ನಲ್ಲಿ ನಾನು ಮಾಡುವ ಉಪಾಯ ಇದು: ಆರ್ಕ್ ಹಚ್ಚುವುದು ದಪ್ಪ ಇರುವ ಕಡೆ, ಅಂದರೆ ಬ್ರ್ಯಾಕೆಟ್ ಮೇಲೋ ಹಳೆಯ ಟ್ಯಾಕ್ (ಜೋಡಿಸಿ ನಿಲ್ಲಿಸಲು ಹಾಕಿದ ಚುಕ್ಕಿ ಬೆಸುಗೆ) ಮೇಲೋ. ಅಲ್ಲಿ ಕರೆಂಟ್ ಇಳಿದು ಸಮಾಧಾನ ಆದ ಮೇಲೆ ಅಂಚಿಗೆ ನಡೆಸಿಕೊಂಡು ಹೋಗುವುದು.

ಒಂದು ಜಾಯಿಂಟ್ ಹತ್ತಿರದಿಂದ ತೋರಿಸುತ್ತೇನೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ. ಅಲ್ಲಿ ಮೂರು ಟ್ಯೂಬ್ ಒಂದೇ ಬಿಂದುವಿಗೆ ಬರುತ್ತವೆ. ಒಂದು ಟ್ಯೂಬ್ ಇನ್ನೊಂದರ ಮೈಗೆ ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿ ಆಕಾರಕ್ಕೆ ಕತ್ತರಿಸಬೇಕು. ಹೋಲ್ ಸಾ ಹಾಕಿ ಕತ್ತರಿಸಿ, ಗ್ರೈಂಡರ್‌ನಲ್ಲಿ ತಿದ್ದಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಬೆಳಕು ಎಲ್ಲೂ ಸೋರಬಾರದು. ತಂತಿ ತಾನಾಗಿ ಬರುವ ಮಿಗ್ ಆದರೆ ಒಂದು ಮಿ.ಮೀ. ಸಂದು ಇದ್ದರೂ ತುಂಬಿಕೊಂಡು ಹೋಗಬಹುದು. ರಾಡ್ ವೆಲ್ಡಿಂಗ್ ಕ್ಷಮಿಸುವುದಿಲ್ಲ. ಸಂದು ಕಂಡ ತಕ್ಷಣ ಎರಡೂ ಅಂಚು ಹಿಂದೆ ಸರಿಯುತ್ತವೆ, ಮಧ್ಯದಲ್ಲಿ ಕಪ್ಪು ತೂತು ಅಗಲವಾಗುತ್ತದೆ. ಎರಡು ಟ್ಯೂಬ್ ನಡುವಿನ ಚೂಪಾದ ಸಂದಿಯಲ್ಲಿ ಇನ್ನೊಂದು ಕಷ್ಟ. ಕರಗಿದ ಸ್ಲ್ಯಾಗ್ ಕರಗಿದ ಕಬ್ಬಿಣಕ್ಕಿಂತ ಮುಂದೆ ಓಡುತ್ತದೆ. 6013ರಲ್ಲಿ ಎರಡೂ ಒಂದೇ ಥರ ಹೊಳೆಯುವುದರಿಂದ ಯಾವುದು ಕಬ್ಬಿಣ, ಯಾವುದು ಸ್ಲ್ಯಾಗ್ ಅಂತ ಕಣ್ಣಿಗೆ ಗೊತ್ತಾಗಲು ಅಭ್ಯಾಸ ಬೇಕು. ಸ್ಲ್ಯಾಗ್ ಒಳಗೆ ಸಿಕ್ಕಿಕೊಂಡರೆ ಮೇಲೆ ಅಚ್ಚುಕಟ್ಟಾದ ಬೆಸುಗೆ, ಒಳಗೆ ಟೊಳ್ಳು. ಅದಕ್ಕೇ ಅಂಥ ಸಂದಿಯಲ್ಲಿ ಆರ್ಕ್ ತೀರಾ ಗಿಡ್ಡ ಇಟ್ಟು, ರಾಡ್‌ನ ತುದಿಯನ್ನು ಸಂದಿಯ ಕಡೆ ಒತ್ತಿ, ಹತ್ತು ಆಂಪ್ ಜಾಸ್ತಿ ಮಾಡಿ ಓಡಿಸುತ್ತೇನೆ. ಮೆಷಿನ್‌ನ ಆರ್ಕ್ ಫೋರ್ಸ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ರಾಡ್ ತೀರಾ ಹತ್ತಿರ ಹೋದಾಗ ಅದು ಕರೆಂಟ್ ಏರಿಸಿ ಅಂಟದಂತೆ ನೋಡಿಕೊಳ್ಳುತ್ತದೆ.

ಶಾಕ್, ಸಸ್ಪೆನ್ಷನ್ ತೋಳು, ಸೀಟ್ ಬೆಲ್ಟ್ ಕಟ್ಟುವ ಜಾಗ, ಇವುಗಳಿಗೆ ನಾನು 7018 ರಾಡ್ ಹಾಕಿದೆ. ಮೊದಲ ಎರಡು ಅಂಕಿ ಬೆಸುಗೆಯ ಕನಿಷ್ಠ ಎಳೆತದ ಬಲ ಹೇಳುತ್ತವೆ, ಸಾವಿರ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದಲ್ಲಿ. 60 ಬದಲು 70. ಅದಕ್ಕಿಂತ ಮುಖ್ಯ ಗುಣ, 7018ರ ಬೆಸುಗೆ ಬಾಗುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಹಳ್ಳಕ್ಕೆ ಹಾರಿ ಬೀಳುವ ಗಾಡಿಗೆ ಬೇಕಾದ್ದು ಅದೇ. ಆದರೆ ಈ ರಾಡ್‌ಗೆ ತೇವ ಆಗಿಬರಲ್ಲ. ಪ್ಯಾಕೆಟ್ ಒಡೆದು ಮೂಲೆಗೆ ಎಸೆದರೆ ಮೇಲಿನ ಲೇಪ ನೀರು ಹೀರುತ್ತದೆ, ಆ ನೀರಿನ ಹೈಡ್ರೋಜನ್ ಬೆಸುಗೆಗೆ ಇಳಿಯುತ್ತದೆ. ಮತ್ತೆ ಒಣಗಿಸಲು 300 ಡಿಗ್ರಿಗೂ ಮೇಲೆ ಕಾಯಿಸಬೇಕು. ಚಿಕ್ಕ ಪ್ಯಾಕೆಟ್ ತಂದು, ಒಡೆದ ದಿನವೇ ಮುಗಿಸುವುದು ಎಲ್ಲಕ್ಕಿಂತ ಸುಲಭ.

ಕೆಲವು ಕಡಿಮೆ ಬೆಲೆಯ ಇನ್ವರ್ಟರ್‌ಗಳು 7018 ಹಚ್ಚಲು ಒದ್ದಾಡುತ್ತವೆ ಅನ್ನುವುದು ನಿಜ. ಇದು ಒದ್ದಾಡಲಿಲ್ಲ. ಹೋಲ್ಡರ್ ಪ್ಲಸ್‌ಗೆ ಹಾಕಿ, 85 ಆಂಪ್, ಮೊದಲ ಹಚ್ಚಿಗೇ ಹತ್ತುತ್ತದೆ. ಅರ್ಧಕ್ಕೆ ನಿಲ್ಲಿಸಿದ ರಾಡ್ ಮತ್ತೆ ಹಚ್ಚುವಾಗ ಮಾತ್ರ ತುದಿಗೆ ಗಾಜಿನಂಥ ಸ್ಲ್ಯಾಗ್ ಟೋಪಿ ಕೂತಿರುತ್ತದೆ. ಅದನ್ನು ನೆಲಕ್ಕೆ ತಟ್ಟಿ ಉದುರಿಸಬೇಕು. ಅದು ರಾಡ್‌ನ ಸ್ವಭಾವ, ಮೆಷಿನ್ ತಪ್ಪಲ್ಲ.

ಇನ್ನು ಬಾಕ್ಸ್ ಒಳಗೆ ಕೊಟ್ಟ ಸಾಮಾನುಗಳು. ಇಲ್ಲಿ ನನ್ನ ಮೂಡ್ ಕೆಡುತ್ತದೆ.

ಅರ್ಥ್ ಕ್ಲ್ಯಾಂಪ್ ಕೈಗೆ ತೆಗೆದುಕೊಂಡರೇ ಗೊತ್ತಾಗುತ್ತದೆ. ತೆಳು ತಗಡು ಬಗ್ಗಿಸಿ ಮಾಡಿದ್ದು, ಸ್ಪ್ರಿಂಗ್‌ಗೆ ಜೀವ ಇಲ್ಲ, ದುಂಡು ಟ್ಯೂಬ್ ಮೇಲೆ ಜಾರುತ್ತದೆ. ಎರಡು ರಾಡ್ ಓಡಿಸಿ ಮುಟ್ಟಿದರೆ ಕೈ ಸುಡುತ್ತದೆ. ಕೇಬಲ್ ಕತ್ತರಿಸಿ ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಿ ಬಣ್ಣ. ಅಂದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಕೋಟು. ಉದ್ದವೂ ಗೇಣುದ್ದ ಅನ್ನಬೇಕು, ಚಾಸಿಯ ಮುಂದೆ ಮೆಷಿನ್ ಇಟ್ಟರೆ ಹಿಂದಿನ ಜಾಯಿಂಟ್‌ಗೆ ಮುಟ್ಟುವುದಿಲ್ಲ.

ಗೇಟು ಕಿಟಕಿ ಮಾಡುವವರಿಗೆ ಇದು ಬರೀ ಕಿರಿಕಿರಿ. ಗಾಡಿ ಕಟ್ಟುವವರಿಗೆ ಇದು ನಷ್ಟ. ಕರೆಂಟ್ ಹೋಲ್ಡರ್‌ನಿಂದ ಕ್ಲ್ಯಾಂಪ್‌ವರೆಗೆ ಸಿಕ್ಕ ದಾರಿಯಲ್ಲಿ ಹೋಗುತ್ತದೆ. ಕ್ಲ್ಯಾಂಪ್ ಹಬ್ ಮೇಲೆ, ಬೆಸುಗೆ ಚಾಸಿ ಮೇಲೆ ಅಂದರೆ ಆ 80 ಆಂಪ್ ಹೋಗುವುದು ಚಕ್ರದ ಬೇರಿಂಗ್ ಮೂಲಕ. ಬೇರಿಂಗ್‌ನ ಗುಂಡುಗಳ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಸದ್ದು ಶುರು. ಡ್ರೈವ್ ಶಾಫ್ಟ್ ತುದಿಯ ಸಿವಿ ಜಾಯಿಂಟ್, ಗೇರ್‌ಬಾಕ್ಸ್ ಕಥೆಯೂ ಅಷ್ಟೇ. ಗುಜರಿಯಿಂದ ಆರಿಸಿ ಆರಿಸಿ ತಂದ ಒಳ್ಳೆ ಬೇರಿಂಗ್ ಹಾಳಾಗಲು ಒಂದು ಕೆಟ್ಟ ಕ್ಲ್ಯಾಂಪ್ ಸಾಕು. ಬೆಸೆಯುವ ಜಾಗದ ಪಕ್ಕದಲ್ಲೇ, ಬಣ್ಣ ತುಕ್ಕು ಕೆರೆದ ಬರೀ ಕಬ್ಬಿಣಕ್ಕೆ ಕ್ಲ್ಯಾಂಪ್ ಹಾಕಬೇಕು. ಗಾಡಿಗೆ ವಯರಿಂಗ್ ಕೂತ ಮೇಲೆ ಬೆಸೆಯುವುದಾದರೆ ಬ್ಯಾಟರಿ ಬಿಚ್ಚಿ, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿನ ಕನೆಕ್ಟರ್ ಕಳಚಿ. ಅದೇ ಹೊತ್ತಿಗೆ ಸಿವಿ ಜಾಯಿಂಟ್‌ನ ರಬ್ಬರ್ ಬೂಟ್‌ಗೆ ಒದ್ದೆ ಬಟ್ಟೆ ಸುತ್ತಿ, ಒಂದೇ ಕಿಡಿಗೆ ತೂತಾಗುತ್ತದೆ.

ನಾನು ಮೊದಲ ವಾರದಲ್ಲೇ ಹಿತ್ತಾಳೆಯ ಭಾರದ ಕ್ಲ್ಯಾಂಪ್, 16 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿಕೊಂಡೆ. ಆರ್ಕ್ ಆಗಲೇ ಬದಲಾಯಿತು. ಇಷ್ಟು ಒಳ್ಳೆ ಮೆಷಿನ್‌ಗೆ ಇಂಥ ಕ್ಲ್ಯಾಂಪ್ ಕೊಡುವ ಬದಲು ಏನೂ ಕೊಡದೇ ಇದ್ದರೆ ಮರ್ಯಾದೆ ಉಳಿಯುತ್ತಿತ್ತು. ಜೊತೆಗೆ ಬಂದ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಗುರಾಣಿ, ಪುಟ್ಟ ಸುತ್ತಿಗೆ ಬಗ್ಗೆ ಬರೆಯಲು ಏನೂ ಇಲ್ಲ. ಆಟೋ ಡಾರ್ಕ್ ಹೆಲ್ಮೆಟ್ ಬೇರೆಯೇ ತೆಗೆದುಕೊಳ್ಳಿ. ಮೂರು ಟ್ಯೂಬ್ ಸೇರುವ ಮೂಲೆಯಲ್ಲಿ ಒಂದು ಕೈ ಹೋಲ್ಡರ್‌ಗೆ, ಇನ್ನೊಂದು ಕೈ ಮೈ ಊರಲು ಬೇಕು. ಗುರಾಣಿಗೆ ಮೂರನೇ ಕೈ ಎಲ್ಲಿಂದ ತರುವುದು?

ವಿದ್ಯುತ್ ವಿಷಯದಲ್ಲಿ ಒಂದು ಲೆಕ್ಕ. 25 ಮೀಟರ್ ಉದ್ದದ, 1 ಚದರ ಮಿ.ಮೀ. ತಾಮ್ರದ ಎಕ್ಸ್‌ಟೆನ್ಷನ್ ವೈರ್‌ನಲ್ಲಿ 15 ಆಂಪ್ ಹರಿದರೆ ಸುಮಾರು 13 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಅಂದರೆ ಹತ್ತಿರ ಹತ್ತಿರ 200 ವ್ಯಾಟ್ ಶಾಖ ಆ ವೈರ್‌ನಲ್ಲಿ. ಸುರುಳಿ ಬಿಚ್ಚದೆ ಹಾಗೇ ಇಟ್ಟರೆ ಪ್ಲಾಸ್ಟಿಕ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. 2.5 ಚದರ ಮಿ.ಮೀ. ವೈರ್ ಆದರೆ 5 ವೋಲ್ಟ್‌ನಲ್ಲಿ ಮುಗಿಯುತ್ತದೆ. "ಮೆಷಿನ್ ಪವರ್ ಇಲ್ಲ" ಅಂತ ದೂರುವವರಲ್ಲಿ ಅರ್ಧ ಜನ ವೈರ್ ನೋಡಿರುವುದಿಲ್ಲ ಅಂತ ನನ್ನ ಗುಮಾನಿ.

ಫ್ಯಾನ್ ಜೋರಾಗಿದೆ, ಅದು ಒಳ್ಳೆಯದು. ಆದರೆ ಮುಂದೆ ಯಾವ ಜಾಲರಿಯೂ ಇಲ್ಲ. ಪಕ್ಕದಲ್ಲಿ ಗ್ರೈಂಡರ್ ಓಡಿದರೆ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಂಡು ಸರ್ಕ್ಯೂಟ್ ಬೋರ್ಡ್ ಮೇಲೆ ಹರಡುತ್ತದೆ. ಬಗ್ಗಿ ಕಟ್ಟುವ ಕೆಲಸದಲ್ಲಿ ಬೆಸೆಯುವುದಕ್ಕಿಂತ ಗ್ರೈಂಡ್ ಮಾಡುವುದೇ ಜಾಸ್ತಿ. ಉದ್ದ ಕೇಬಲ್ ಹಾಕಿ ಮೆಷಿನ್ ದೂರ ಇಡುವುದು, ಆಗಾಗ ಒಣ ಗಾಳಿ ಊದುವುದು, ಇಷ್ಟೇ ದಾರಿ. ಗ್ರೈಂಡರ್ ಪಕ್ಕದಲ್ಲೇ ಇಟ್ಟರೆ ವಾರಂಟಿ ಮುಗಿಯುವ ಮೊದಲೇ ಬೋರ್ಡ್ ಸುಟ್ಟು ಹೋಗುವುದು ಇದಕ್ಕೇ.

ನನ್ನ ಭಾವ ವರ್ಕ್‌ಶಾಪ್‌ನಲ್ಲಿ ಮಿಗ್ ಹಿಡಿಯುವವರು. ಮೆಷಿನ್ ನೋಡಿ ನಕ್ಕರು. "ಏನಯ್ಯಾ, ಇದು ಡಬ್ಬಿ ಅಂಟಿಸೋದಕ್ಕಾ?" ಅಂದರು. ಒಂದು ಜಾಯಿಂಟ್ ತಾವೇ ಓಡಿಸಿ ನೋಡಿದರು. ಮತ್ತೆ ನಗಲಿಲ್ಲ. "ಆದ್ರೂ ಮಿಗ್ ತಗೊಂಡಿದ್ರೆ ಬೇಗ ಮುಗೀತಿತ್ತು" ಅಂತ ಮಾತ್ರ ಹೇಳಿದರು. ಅದು ನಿಜ. ತೆಳು ಟ್ಯೂಬ್‌ಗೆ ಮಿಗ್ ಸುಲಭ, ವೇಗ, ಸ್ಲ್ಯಾಗ್ ಇಲ್ಲ. ಆದರೆ ಗ್ಯಾಸ್ ಸಿಲಿಂಡರ್ ಬೇಕು, ಗಾಳಿ ಬೀಸಿದರೆ ಗ್ಯಾಸ್ ಹಾರಿ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಬಯಲಲ್ಲಿ, ಮರದ ಕೆಳಗೆ ಕೆಲಸ ಮಾಡುವ ನನಗೆ ರಾಡೇ ಸರಿ. ಗುಜರಿ ಕಬ್ಬಿಣ ಎಷ್ಟು ಉಜ್ಜಿದರೂ ಪೂರ್ತಿ ಶುದ್ಧ ಆಗುವುದಿಲ್ಲ. ಆ ವಿಷಯದಲ್ಲೂ ಮಿಗ್‌ಗಿಂತ ರಾಡ್‌ಗೆ ತಾಳ್ಮೆ ಜಾಸ್ತಿ.

ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ, ಟ್ಯೂಬ್ ಅತ್ತ ವಾಲುತ್ತದೆ. ಇದಕ್ಕೆ ಯಾವ ಮೆಷಿನ್‌ನಲ್ಲೂ ಔಷಧಿ ಇಲ್ಲ. ಇಡೀ ಚಾಸಿ ಟ್ಯಾಕ್ ಹಾಕಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡು ಕರ್ಣವೂ ಸಮ ಇದೆಯಾ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಎದುರುಬದುರು ಬೆಸೆಯಬೇಕು. ಕಡಿಮೆ ಆಂಪ್‌ನಲ್ಲಿ ಆರ್ಕ್ ನಿಲ್ಲುವ ಮೆಷಿನ್ ಇದ್ದರೆ ಟ್ಯಾಕ್ ಚಿಕ್ಕದಾಗಿ ಹಾಕಬಹುದು. ಚಿಕ್ಕ ಟ್ಯಾಕ್ ಬೇಡ ಅನ್ನಿಸಿದಾಗ ಒಡೆಯುವುದೂ ಸುಲಭ. ಇದರ ಬೆಲೆ ನನಗೆ ಚಾಸಿಯ ಮೇಲಿನ ಹೂಪ್ (ತಲೆ ಮೇಲಿನ ಕಮಾನು) ನಿಲ್ಲಿಸುವಾಗ ಗೊತ್ತಾಯಿತು.

ಮೆಷಿನ್ ಕೈಗೆ ಬಂದ ಮೇಲೆ ಎಲ್ಲವನ್ನೂ ಬೆಸೆಯುವ ಹುಚ್ಚು ಹಿಡಿಯುತ್ತದೆ. ಆದರೆ ಗುಜರಿ ಕಾರಿನಲ್ಲಿ ಬೆಸೆಯಬಾರದ ಸಾಮಾನು ಬೇಕಾದಷ್ಟಿದೆ. ಈಚಿನ ಅನೇಕ ಕಾರುಗಳ ಬಾಗಿಲ ನಡುವಿನ ಕಂಬ ಬೋರಾನ್ ಉಕ್ಕಿನದ್ದು, ಕೆಂಪಗೆ ಕಾಯಿಸಿ ಅಚ್ಚಿನಲ್ಲಿ ಒತ್ತಿ ಅಲ್ಲೇ ತಣಿಸಿದ್ದು. ಅದರ ಬಲ ಸುಮಾರು 1500 ಮೆಗಾಪಾಸ್ಕಲ್. "ಅಷ್ಟು ಗಟ್ಟಿ ಇದ್ದರೆ ರೋಲ್ ಕೇಜ್‌ಗೆ ಅದನ್ನೇ ಕತ್ತರಿಸಿ ಹಾಕೋಣ" (ಗಾಡಿ ಮಗುಚಿದರೆ ಜೀವ ಕಾಯುವ ಟ್ಯೂಬ್‌ಗಳ ಪಂಜರ ಅದು) ಅನ್ನಿಸುತ್ತದೆ. ಬೆಸುಗೆಯ ಶಾಖ ತಗುಲಿದ ಪಟ್ಟಿಯಲ್ಲಿ ಆ ಗಟ್ಟಿತನವೆಲ್ಲ ಹೋಗುತ್ತದೆ, ಗಾಡಿ ಮಗುಚಿದರೆ ಮುರಿಯುವುದು ಅಲ್ಲೇ. ಅದಕ್ಕಿಂತ ಸಾದಾ ಉಕ್ಕಿನ ಹೊಸ ಟ್ಯೂಬ್ ನೂರು ಪಾಲು ಮೇಲು. ಎಂಜಿನ್, ಗೇರ್‌ಬಾಕ್ಸ್, ಹಬ್, ಬ್ರೇಕ್ ಎಲ್ಲ ಗುಜರಿಯದ್ದಾಗಲಿ, ಜೀವ ಕಾಯುವ ಟ್ಯೂಬ್ ಮಾತ್ರ ಹೊಸದಿರಲಿ.

ಎರಕದ ನಕಲ್‌ಗೆ ಬ್ರ್ಯಾಕೆಟ್ ಬೆಸೆಯುವ ಆಸೆ ಬೇಡ. ಎರಕದ ಕಬ್ಬಿಣಕ್ಕೆ ನಿಕ್ಕಲ್ ರಾಡ್, ಮೊದಲೇ ಕಾಯಿಸುವುದು, ಬೂದಿಯಲ್ಲಿ ಹೂತು ನಿಧಾನ ತಣಿಸುವುದು ಎಲ್ಲ ಮಾಡಿದರೂ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬರಬಹುದು. ಬೋಲ್ಟ್ ಹಾಕಿ ಕಟ್ಟಿ. ಸ್ಟಿಯರಿಂಗ್ ಶಾಫ್ಟ್ ಉದ್ದ ಮಾಡಲು ನಾನು ಬೆಸುಗೆ ಮುಟ್ಟಲಿಲ್ಲ, ಇನ್ನೊಂದು ಕಾರಿನ ಹಲ್ಲಿನ ಜಾಯಿಂಟ್ ತಂದು ಸಿಕ್ಕಿಸಿದೆ. ನನ್ನ ಬೆಸುಗೆ ಮೇಲೆ ನಂಬಿಕೆ ಇದೆ, ಆದರೆ ಅಷ್ಟಿಲ್ಲ. ಡಿಫರೆನ್ಷಿಯಲ್ ಒಳಗಿನ ಗೇರ್‌ಗಳನ್ನು ಬೆಸೆದು ಎರಡೂ ಚಕ್ರ ಒಟ್ಟಿಗೆ ಎಳೆಯುವಂತೆ ಮಾಡುವವರಿದ್ದಾರೆ. ಮರಳಲ್ಲಿ, ಕೆಸರಲ್ಲಿ ಚೆನ್ನ. ಗಟ್ಟಿ ನೆಲದಲ್ಲಿ ತಿರುಗುವಾಗ ಒಳಚಕ್ರಕ್ಕೂ ಹೊರಚಕ್ರಕ್ಕೂ ಜಗಳ ಬಿದ್ದು ಸಿವಿ ಜಾಯಿಂಟ್ ಬಲಿಯಾಗುತ್ತದೆ. ಸಣ್ಣ ಕಾರಿನ ಡ್ರೈವ್ ಶಾಫ್ಟ್‌ಗೆ ಆ ಶಿಕ್ಷೆ ಬೇಡ ಅಂತ ನಾನು ಬಿಟ್ಟೆ.

ಇನ್ನು ಪ್ರಾಣಕ್ಕೇ ಕುತ್ತಾಗುವ ಕೆಲವು. ಪೆಟ್ರೋಲ್ ಟ್ಯಾಂಕ್ ಖಾಲಿ ಇದ್ದರೂ ಆವಿ ಇರುತ್ತದೆ, ಅದರ ಹತ್ತಿರ ಆರ್ಕ್ ಬೇಡವೇ ಬೇಡ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಬಿಸಿಯಾದರೆ ಸಿಡಿಯಬಹುದು, ಬ್ರ್ಯಾಕೆಟ್ ಬೆಸೆಯುವಾಗ ಬಿಚ್ಚಿಡಿ. ಸತುವಿನ ಲೇಪದ ನೀರಿನ ಪೈಪ್‌ನಲ್ಲಿ ಚಾಸಿ ಮಾಡಬೇಡಿ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು 1500ರ ಆಸುಪಾಸು. ಉಕ್ಕು ಕರಗುವ ಮೊದಲೇ ಬಿಳಿ ಹೊಗೆ ಏಳುತ್ತದೆ, ಉಸಿರಾಡಿದರೆ ಸಂಜೆಗೆ ಚಳಿಜ್ವರ. ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಬ್ರೇಕ್ ಕ್ಲೀನರ್. ಗುಜರಿ ಭಾಗಗಳ ಗ್ರೀಸ್ ತೆಗೆಯಲು ಎಲ್ಲರ ಕೈಯಲ್ಲೂ ಅದೇ ಡಬ್ಬಿ. ಕ್ಲೋರಿನ್ ಇರುವ ಜಾತಿಯದ್ದಾದರೆ, ಒಣಗದೆ ಉಳಿದ ಒಂದಿಷ್ಟು ಆರ್ಕ್‌ಗೆ ಸಿಕ್ಕಿ ಫಾಸ್ಜೀನ್ ವಿಷಾನಿಲ ಆಗಬಹುದು. ಡಬ್ಬಿ ಮೇಲೆ ಕ್ಲೋರಿನ್ ರಹಿತ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಸೋಪು ನೀರಿನಲ್ಲಿ ತೊಳೆಯಿರಿ.

ಮಾರಿದವರ ಸೇವೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲ್ಯಾಂಪ್ ಬಗ್ಗೆ ದೂರು ಕೊಟ್ಟೆ. ಫೋಟೋ ಕೇಳಿದರು, ಕಳಿಸಿದೆ. ಅದೇ ಥರದ ಇನ್ನೊಂದು ಕ್ಲ್ಯಾಂಪ್ ಕಳಿಸಿದರು. 200 ಆಂಪ್ ಯಾಕೆ ಬರೆದಿದ್ದೀರಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಚಾಸಿ ಮುಗಿದು, ಗಾಡಿ ಕಲ್ಲು ಗುಂಡಿಯ ಮೇಲೆ ಸಾಕಷ್ಟು ಕುಣಿದ ಮೇಲೆ ಮುಖ್ಯ ಜಾಯಿಂಟ್‌ಗಳಿಗೆ ಡೈ ಪೆನಿಟ್ರಂಟ್ ಹಾಕಿ ನೋಡಿದೆ. ಕೆಂಪು ದ್ರವ ಹಚ್ಚಿ, ಕಾದು, ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕು ಇದ್ದ ಕಡೆ ಕೆಂಪು ಗೆರೆ ಮೇಲೆ ಬರುತ್ತದೆ. ಶಾಕ್ ಟವರ್, ಕೆಳತೋಳಿನ ಬ್ರ್ಯಾಕೆಟ್, ಎಂಜಿನ್ ಮೌಂಟ್ ಎಲ್ಲ ಬಿಳಿಯಾಗಿಯೇ ಉಳಿದವು. ಸೀಟಿನ ಒಂದು ಬ್ರ್ಯಾಕೆಟ್‌ನ ಮೂಲೆಯಲ್ಲಿ ಮಾತ್ರ ಸಾಸಿವೆ ಗಾತ್ರದ ಕೆಂಪು ಚುಕ್ಕಿ ಬಂತು. ಗುಳ್ಳೆ ಇರಬೇಕು. ಕೊರೆದು ತೆಗೆದು ಮತ್ತೆ ಬೆಸೆದೆ.

ಸ್ಟಾರ್ ಕೊಡಬೇಕಲ್ಲ, ಮೆಷಿನ್‌ಗೆ ನಾಲ್ಕು. ಜೊತೆಯ ಸಾಮಾನಿಗೆ ಒಂದು. ಬಾಕ್ಸ್‌ಗೆ ಸೊನ್ನೆ. ಕೊಳ್ಳುವುದಾದರೆ ಮೆಷಿನ್ ತಿರುಗಿಸಿ ಪ್ಲೇಟ್ ಓದಿ, 60 ಪರ್ಸೆಂಟ್‌ಗೆ 90 ಆಂಪ್ ಇದ್ದರೆ ಬಗ್ಗಿಗೆ ಸಾಕು. ಹಾಟ್ ಸ್ಟಾರ್ಟ್‌ಗೆ ಬೇರೆ ನಾಬ್ ಇರುವ ಮಾಡೆಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ತಾಮ್ರದ ಕೇಬಲ್, ಒಳ್ಳೆ ಕ್ಲ್ಯಾಂಪ್, ಹೆಲ್ಮೆಟ್‌ನ ದುಡ್ಡನ್ನು ಮೊದಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅಷ್ಟು ಸೇರಿಸಿದ ಮೇಲೆ ಸಣ್ಣ ಮಿಗ್ ಮೆಷಿನ್ ಬೆಲೆ ಹತ್ತಿರ ಬಂತು, ಕೆಲಸ ಮಾಡುವ ಜಾಗಕ್ಕೆ ಗೋಡೆಯೂ ಸೂರೂ ಇದೆ ಅಂತಾದರೆ, ನನ್ನ ಭಾವನ ಮಾತು ಕೇಳಿ.